ಬಾಯಿಬಿಟ್ಟು ಹೇಳದ ಮಾತು

ಅದು ೧೯೭೮ನೆಯ ಇಸವಿ. ವಿಜಾಪುರದ ಗೋಳಗುಮ್ಮಟದ ಕಡೆಯ ರಸ್ತೆಯಲ್ಲಿ, ಒಂದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅಂಬಾದಾಸ ಮಾಸ್ತರರು ಬ್ಯಾಂಕ್ ಪರೀಕ್ಷೆಗೆ ಕೂಡುವವರಿಗೆ ಪಾಠ ಹೇಳುತ್ತಿದ್ದರು. ಅವರ ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿಕೊಡುವವಳು ಶಹಜಾದಿ. ವಯಸ್ಸು ಮೂವತ್ತೇಳು, ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡು ತಿಕೋಟಾದ ಮನೆ ತಮ್ಮ ಸೈಫುದ್ದೀನನ ಸಂಸಾರದಿಂದ ತುಂಬಿದ ಮೇಲೆ ಅವಳು ಶಹರದಲ್ಲಿ ಒಂದು ಕೋಣೆ ಹಿಡಿದಿದ್ದಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ಎಷ್ಟು ಪ್ರತಿ ಬೇಕ್ರಿ?" ಎಂದು ಮಾಸ್ತರರಿಗೆ, "ಅರ್ಧ ಸೇರು ಸಾಕು" ಎಂದು ಹಾಲಿನ ಇಮಾಮಬಿಗೆ.

ಅವಳ ಮೇಜಿಗೂ ತರಗತಿಗೂ ನಡುವೆ ಇದ್ದದ್ದು ಒಂದು ತೆಳು ಹಲಗೆ. ಪಾಠವೆಲ್ಲ ಕಿವಿಗೆ ಬೀಳುತ್ತಿತ್ತು. ಅವಳಿಗೆ ಬಹಳ ಹಿಡಿಸಿದ್ದು ಅಡಗಿದ ನಂಬಿಕೆಯನ್ನು ಹುಡುಕುವ ಪ್ರಶ್ನೆಗಳು. ಒಂದು ಹೇಳಿಕೆ ಕೊಟ್ಟಿರುತ್ತಾರೆ; ಹೇಳಿದವನು ಬಾಯಿಬಿಟ್ಟು ಹೇಳದೆ ಏನನ್ನು ಮೊದಲೇ ಒಪ್ಪಿಕೊಂಡಿದ್ದಾನೆ ಎಂಬುದನ್ನು ಕಂಡುಹಿಡಿಯಬೇಕು.

"ನಂಬಿಗೀನ ಉಲ್ಟಾ ಮಾಡಿ ನೋಡ್ರಿ," ಎನ್ನುತ್ತಿದ್ದರು ಮಾಸ್ತರರು. "ಹೇಳಿಕಿ ಕುಸದು ಬಿತ್ತು ಅಂದ್ರ ಅದು ಖರೇನ ಬುಡದಾಗ ಇತ್ತು. ಬೀಳಲಿಲ್ಲ ಅಂದ್ರ ಅದು ನೀವ ಹೊರಿಸಿದ್ದು."

ಒಂದು ದಿನ ಅವಳು ಹೀಗೆ ಟೈಪ್ ಮಾಡುತ್ತಿದ್ದಳು: 'ಪರೀಕ್ಷೆಯ ದಿನ ಬಬಲೇಶ್ವರದಿಂದ ಹೆಚ್ಚಿನ ಬಸ್ಸುಗಳನ್ನು ಬಿಡಲಾಗುವುದು.' ನಂಬಿಕೆ ಒಂದು: ಎಂದಿನ ಬಸ್ಸುಗಳು ಸಾಲುವುದಿಲ್ಲ. ನಂಬಿಕೆ ಎರಡು: ಅಲ್ಲಿಂದ ಬರಲು ಯಾರಿಗೂ ಬೇರೆ ದಾರಿಯಿಲ್ಲ. ಎರಡೂ ಸರಿ ಎಂದು ಮಾಸ್ತರರು ಉತ್ತರ ಬರೆದಿದ್ದರು. ಶಹಜಾದಿಯ ಬೆರಳುಗಳು ನಿಂತವು. ಮಾಸ್ತರರು ಬರೆದ ಹಾಳೆ ಹಿಡಿದು ಎದ್ದು ಅವರ ಬಳಿ ಹೋದಳು.

"ಸರ್, ಎರಡನೇದು ಬರೂದಿಲ್ಲೇನೋ ಅನಸ್ತದ್ರಿ."

"ಯಾಕ್ರೀ ಬಾಯಿ?"

"ನಾಕು ಮಂದಿ ಸೈಕಲ್ ಮ್ಯಾಲೆ ಬಂದ್ರೂ ಹೆಚ್ಚಿನ ಬಸ್ ಬಿಡಬಹುದಲ್ರಿ. ಉಲ್ಟಾ ಮಾಡಿದ್ರ ಹೇಳಿಕಿ ಬೀಳೂದಿಲ್ಲ."

ಮಾಸ್ತರರು ಚಷ್ಮಾ ಏರಿಸಿ ಎರಡು ಸಲ ಓದಿದರು. ತಾವೇ ಪೆನ್ನು ತೆಗೆದು ತಿದ್ದಿದರು. "ಎರಡು ವರ್ಷ ಆತು, ತಪ್ಪ ಹೇಳಾಕತ್ತೇನಿ ನೋಡ್ರಿ," ಎಂದರು.

ಆ ಸಂಜೆ ಇದನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ. ಇಮಾಮಬಿಯ ಮುಂದೆ ಬಾಯಿ ತೆರೆದಳು. "ಛಲೋ ಆತು ಬಿಡು," ಎಂದು ಅವಳು ಹಾಲು ಅಳೆದು ಮುಂದಿನ ಮನೆಗೆ ನಡೆದಳು.

ಮುಂದಿನ ರವಿವಾರ ಸೈಫುದ್ದೀನ ಬಂದ. ಹೆಂಡತಿ ಹಸೀನಾಳಿಗೆ ಅವಳಿ ಕೂಸು ಹುಟ್ಟಿ ತಿಂಗಳಾಗಿತ್ತು.

"ಆಪಾ, ಆಕಿ ಒಬ್ಬಾಕಿಗೆ ಆಗವಲ್ದು. ನೀನಂತೂ ಒಂಟಿ ಜೀವ. ನೌಕರಿ ಬಿಟ್ಟು ಮನಿಗೆ ಬಂದು ಬಿಡು."

"ಒಂಟಿ ಇದ್ರ ನೌಕರಿ ಬಿಡಬಹುದು ಅಂತ ಹ್ಯಾಂಗ ಆತು?"

"ಮತ್ತ ಯಾರ ಸಲುವಾಗಿ ದುಡೀಬೇಕು ನೀ?"

"ನೋಡು, ನಿನ್ನ ಮಾತಿನ ಬುಡದಾಗ ಒಂದು ನಂಬಿಗಿ ಕುಂತದ. ನನ್ನ ಸಲುವಾಗಿ ನಾ ದುಡದ್ರ ಅದು ದುಡಿಮಿ ಅಲ್ಲ ಅಂತ." ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಕಾಗದ ಪೆನ್ಸಿಲ್ ತಂದು, ಅವನ ಮಾತನ್ನು ಬರೆದು, ಕೆಳಗೆ ಗೆರೆ ಎಳೆದು ವಿವರಿಸತೊಡಗಿದಳು.

ಸೈಫುದ್ದೀನನ ಮುಖ ಕೆಂಪಾಯಿತು. "ನಾ ತಮ್ಮ ಅಂತ ಬಂದೀನಿ, ಸಾಲಿ ಕಲಿಯಾಕ ಬಂದಿಲ್ಲ," ಎಂದವನೇ ಚಪ್ಪಲಿ ಮೆಟ್ಟಿ ಹೊರಟ. ಅವನಿಗೆಂದು ಮಾಡಿದ ಖೀಮಾವನ್ನು ಅವಳು ಎರಡು ದಿನ ಉಂಡಳು.

ರಮಜಾನ್ ಬಂತು, ಹೋಯಿತು, ತಮ್ಮ ಬರಲಿಲ್ಲ. ಅವನು ಬರಲಿಲ್ಲ, ಅಂದರೆ ನಾನು ಅವನಿಗೆ ಬೇಡ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವಾಗ ಆ ಮಾತೇ ಅವಳನ್ನು ತಡೆಯಿತು. ಬೇಕು ಎನ್ನುವವರು ಬಂದೇ ಬರುತ್ತಾರೆ ಎಂದು ಮೊದಲೇ ಒಪ್ಪಿಕೊಂಡರೆ ತಾನೇ ಆ ಮಾತು ನಿಲ್ಲುವುದು? ಅವಳಿಗೆ ಅವನು ಬೇಕಾಗಿದ್ದ. ಅವಳೂ ಹೋಗಿರಲಿಲ್ಲ.

ಮರುದಿನ ರಜೆ ಹಾಕಿ ತಿಕೋಟಾ ಬಸ್ಸು ಹತ್ತಿದಳು. ಹಸೀನಾ ಕಂಕುಳಲ್ಲಿ ಒಂದು ಕೂಸು ಹೊತ್ತು ಬಾಗಿಲು ತೆರೆದಳು. ಸೈಫುದ್ದೀನ ಪಕ್ಕದೂರು ಘೋಣಸಗಿಗೆ ಹೋಗಿದ್ದ.

"ನೀವು ಸಿಟ್ಟಿನಾಗ ಇರ್ತೀರಿ ಅಂತ ಅವ್ರು ಬರಲಿಲ್ರಿ ಆಪಾ," ಎಂದಳು ಹಸೀನಾ. "ನಾಕು ಸಲ ಬಸ್‌ಸ್ಟ್ಯಾಂಡ್ ತನಾ ಹೋಗಿ ತಿರುಗಿ ಬಂದಾರ."

ಶಹಜಾದಿ ಇನ್ನೊಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸಂಜೆಯ ಬಸ್ಸಿನ ತನಕ ಕಾದಳು. ತಮ್ಮ ಬರಲಿಲ್ಲ, ಹೊರಡಲೇಬೇಕಾಯಿತು.

ಎರಡು ವಾರದ ಮೇಲೆ ಅವನೇ ಒಂದು ಚೀಲ ಜೋಳ ಹೊತ್ತು ಬಂದ. ತಪ್ಪಾಯಿತು ಎನ್ನಲಿಲ್ಲ, ನೌಕರಿಯ ಮಾತನ್ನೂ ತೆಗೆಯಲಿಲ್ಲ. ಉಂಡು, ಕೂಸುಗಳ ಸುದ್ದಿ ಹೇಳಿ, ಮೂರರ ಬಸ್ಸಿಗೆ ಹೋದ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಅವಳೇ ತಿಕೋಟಾಕ್ಕೆ ಹೋಗಿಬರತೊಡಗಿದಳು. ಉಳಿದ ದಿನಗಳಲ್ಲಿ ಕೋಣೆ ಮೊದಲಿನ ಹಾಗೆಯೇ ಇತ್ತು. ಬೀಗ ತೆಗೆದು ಒಳಗೆ ಬಂದರೆ, ಬೆಳಿಗ್ಗೆ ಅವಳು ಕುಡಿದಿಟ್ಟ ಚಹಾದ ಕಪ್ಪು ಅದೇ ಜಾಗದಲ್ಲಿರುತ್ತಿತ್ತು.