ತುದಿಯಿಂದ ಬಿಟ್ಟ ಬಕೆಟ್ಟು

ನಮ್ಮ ಮೇಷ್ಟ್ರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕುಂತೂರಿನ ದಾರಿಯಲ್ಲಿ ಟ್ರ್ಯಾಕ್ಟರಿನಿಂದ ಕಬ್ಬಿನ ಜಲ್ಲೆ ಎಳೆಯಲು ಹೋಗಿ ಹಾಗಾಗಿತ್ತಂತೆ. ಉಳಿದ ಬೆರಳುಗಳ ಸಂದಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡು, ಬೋರ್ಡಿನ ಈ ಅಂಚಿನಿಂದ ಆ ಅಂಚಿಗೆ ಅಲೆಯಂಥ ಗೆರೆಯನ್ನು ಕೈ ಎತ್ತದೆ ಎಳೆಯುತ್ತಿದ್ದರು.

ಯಳಂದೂರಿನ ಪಿಯು ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕರು. ಗಣಿತ, ಭೌತಶಾಸ್ತ್ರ ಎರಡನ್ನೂ ಹೇಳಿಕೊಡುತ್ತಿದ್ದರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ್ದ ನಮಗೆ, ತೂಗಾಡುವ ವಸ್ತು ಯಾವ ಕ್ಷಣ ಎಲ್ಲಿರುತ್ತದೆಂದು ಲೆಕ್ಕ ಹಾಕುವ ಸರಳ ಸಂಗತ ಚಲನೆ ಇಂಗ್ಲಿಷಿನಲ್ಲಿ ಎದುರಾದಾಗ ಕೈಕಾಲು ಆಡಲಿಲ್ಲ. ಮಾಂಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತ ‘ಎಕ್ಸ್ ಈಕ್ವಲ್ ಟು ಎ ಸೈನ್ ಒಮೇಗಾ ಟಿ’ ಎಂದು ಬಾಯಿಪಾಠ ಮಾಡುತ್ತಿದ್ದೆ. ಪ್ರಶ್ನೆ ಏನೇ ಇರಲಿ, ಅದನ್ನೇ ಬರೆಯುವುದು. ಕಿರುಪರೀಕ್ಷೆಯಲ್ಲಿ ತರಗತಿಯೆಲ್ಲ ಹಾಗೆಯೇ ಬರೆದು ಸೊನ್ನೆ ತೆಗೆದುಕೊಂಡೆವು.

ಮರುದಿನ ಮೇಷ್ಟ್ರು ನಮ್ಮನ್ನು ಹೊಂಗೆ ಮರದಡಿ ಕರೆದೊಯ್ದರು. ಕೊಂಬೆಗೆ ಹಗ್ಗ ಕಟ್ಟಿ, ಮರಳು ತುಂಬಿದ ಬಕೆಟ್ಟು ತೂಗುಬಿಟ್ಟು, ಎಳೆದು ಬಿಡಲು ನನಗೆ ಹೇಳಿದರು.

“ಎಲ್ಲಿಂದ ಬುಟ್ಟೆ ಅವ್ವಾ?”

“ತುದಿಯಿಂದ ಸಾ.”

“ಸೈನ್ ಬರುದ್ರೆ ಸುರುನಲ್ಲಿ ಸೊನ್ನೆ ಬತ್ತದೆ. ಸೊನ್ನೆ ಅಂದ್ರೆ ನಡುಮಧ್ಯ. ಬಕೀಟು ನಡುಮಧ್ಯದಲ್ಲಿತ್ತಾ, ನಿನ್ ಕೈಯಲ್ಲಿತ್ತಾ?”

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. “ತುದಿಯಿಂದ ಬುಟ್ರೆ ಸೈನ್ ಅಲ್ಲ, ಕಾಸ್. ಅದು ಸುರುನಲ್ಲೇ ತುದೀಲಿರ್ತದೆ. ಮೊದ್ಲು ಎಲ್ಲಿಂದ ಬುಟ್ರು ಅಂತ ಓದು, ಆಮೇಲೆ ಪೆನ್ ತಕ್ಕೋ.”

ವಾರ್ಷಿಕ ಪರೀಕ್ಷೆಯಲ್ಲಿ ನಾನು ಭೌತಶಾಸ್ತ್ರದಲ್ಲಿ ಫೇಲಾದೆ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಪ್ಪ, ಇನ್ನು ಸಾಕು, ಗಾರ್ಮೆಂಟ್ಸಿಗೆ ಹೋಗಲಿ ಎಂದರು. ಮೇಷ್ಟ್ರು ನಮ್ಮ ಮನೆಗೆ ಬಂದು ಪೂರಕ ಪರೀಕ್ಷೆಯವರೆಗೆ ತಡೆಯಿರಿ ಎಂದು ಕೇಳಿಕೊಂಡರು. ಅಪ್ಪ ಒಪ್ಪಿದರು, ಅದೇ ಕೊನೆ ಎಂಬ ಮಾತಿನ ಮೇಲೆ. ಅಷ್ಟರಲ್ಲಿ ಮೇಷ್ಟ್ರ ಕಿಡ್ನಿ ಕೆಟ್ಟಿತ್ತು. ಡಯಾಲಿಸಿಸ್‌ಗೆ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗದ ದಿನಗಳಲ್ಲಿ ನನ್ನನ್ನು ಕಾಲೇಜಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ನಡುವೆ ಬಾಯಿ ಒಣಗಿದರೂ, ಡಾಕ್ಟರು ಬೇಡವೆಂದಿದ್ದರಿಂದ ನೀರು ಕುಡಿಯುವಂತಿರಲಿಲ್ಲ. ತುಟಿ ಮಾತ್ರ ಒದ್ದೆ ಮಾಡಿಕೊಳ್ಳುತ್ತಿದ್ದರು.

ಪೂರಕ ಪರೀಕ್ಷೆ ಕೊಳ್ಳೇಗಾಲದಲ್ಲೇ ನಡೆಯಿತು. ಮುಗಿಸಿ ಹೊರಬಂದಾಗ, ಡಯಾಲಿಸಿಸ್ ಮುಗಿಸಿ ಆಸ್ಪತ್ರೆಯಿಂದ ಬಂದಿದ್ದ ಮೇಷ್ಟ್ರು, ಸೂಜಿ ಚುಚ್ಚಿದ ತೋಳಿಗೆ ಹತ್ತಿ ಇಟ್ಟು ಪಟ್ಟಿ ಸುತ್ತಿಕೊಂಡು ಗೇಟಿನ ಬಳಿ ಕೂತಿದ್ದರು. ಚಲನೆಯ ಲೆಕ್ಕ ಬಂದಿತ್ತೇ, ಎಲ್ಲಿಂದ ಬಿಟ್ಟಿದ್ದರು ಎಂದು ವಿಚಾರಿಸಿದರು.

“ತುದಿಯಿಂದ ಸಾ. ಕಾಸ್ ಬರ್ದೆ.”

“ಅಂಗಾದ್ರೆ ಪಾಸಾಯ್ತೀಯ ಬುಡು.”

ಬೇರೆ ಪ್ರಶ್ನೆಗಳ ಬಗ್ಗೆ ಅವರು ಕೇಳಲಿಲ್ಲ. ಅರ್ಧ ಪತ್ರಿಕೆ ಖಾಲಿ ಬಿಟ್ಟು ಬಂದಿದ್ದೆ. ಅವರ ಮುಖ ನೋಡಿ ಹೇಳಲಾಗಲಿಲ್ಲ.

ಫಲಿತಾಂಶ ಬರುವ ಮುಂಚೆಯೇ ಮೇಷ್ಟ್ರು ತೀರಿಕೊಂಡರು. ಹನೂರಿನ ಅವರ ಮನೆಗೆ ತಿಥಿಗೆ ಹೋಗುವ ಹೊತ್ತಿಗೆ ಫಲಿತಾಂಶ ಬಂದಿತ್ತು. ಅವರ ಹೆಂಡತಿ ನನ್ನನ್ನು ಹಿತ್ತಲ ಬಾಗಿಲ ಬಳಿ ಕೂರಿಸಿಕೊಂಡು, ಆಸ್ಪತ್ರೆಯಲ್ಲೂ ಅವರು ನನ್ನ ಮಾತೇ ಆಡುತ್ತಿದ್ದರು ಎಂದರು. ಆಮೇಲೆ ಮೆಲ್ಲಗೆ, “ಪಾಸಾಯ್ತಾ ಮಗ?” ಎಂದು ಕೇಳಿದರು.

“ಇಲ್ಲ ಕಣಮ್ಮ.”

“ಸದ್ಯ, ಅವ್ರಿಗೆ ಗೊತ್ತಾಗ್ಲಿಲ್ವಲ್ಲ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಎಲೆ ಹಾಕಲು ಎದ್ದರು.

ಮುಂದಿನ ವಾರದಿಂದ ನಾನು ಗಾರ್ಮೆಂಟ್ಸ್ ಬಸ್ಸು ಹತ್ತಿದೆ. ಇನ್ನೊಂದು ಸಲ ಪರೀಕ್ಷೆ ಕಟ್ಟಿಸಿ ಎಂದು ಅಪ್ಪನನ್ನು ಕೇಳಲು ನಮ್ಮ ಮನೆಗೆ ಯಾರೂ ಬರಲಿಲ್ಲ.