ಹೆಸರು ಕೊರೆದ ಲೋಟ

ಅಟ್ಟ ಖಾಲಿ ಮಾಡುತ್ತಿದ್ದ ಸೊಸೆ ನಿನ್ನೆ ಒಂದು ಹಿತ್ತಾಳೆ ಲೋಟ ತಂದು ನನ್ನ ಮುಂದಿಟ್ಟಳು. "ಮಾವ, ನಿಮ್ಮ ಹೆಸರಿದೆ. ಇಟ್ಕೊಳ್ಳೋದಾ, ಗುಜರಿಗಾ?" ಹುಣಸೆಹಣ್ಣು ಕಾಣದೆ ಕಪ್ಪಾಗಿತ್ತು. ಕೈಗೆತ್ತಿಕೊಂಡ ಕೂಡಲೇ ಕಿವಿಯಲ್ಲಿ ರೊಟ್ಟಿ ಬಡಿಯುವ ಸದ್ದು...

ಐವತ್ತರ ದಶಕ. ನಾನು ಫೋರ್ಟ್ ಪ್ರದೇಶದ ಆಫೀಸೊಂದರಲ್ಲಿ ಗುಮಾಸ್ತ, ವಾಸ ಬೈಕುಲ್ಲಾದ ಚಾಳಿನಲ್ಲಿ. ಕೆಳಗಿನ ಒಂದೇ ಕೋಣೆಯ ಖೋಲಿಯಲ್ಲಿ ವಿಜಾಪುರದ ಕಡೆಯ ಹೆಂಗಸೊಬ್ಬಳು ಖಾನಾವಳಿ ನಡೆಸುತ್ತಿದ್ದಳು. ದಿನವೂ ಉಣ್ಣುವ ನಮ್ಮ ಎಂಟು ಜನಕ್ಕೂ ಅವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸಕ್ಕಿದ್ದಳಂತೆ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿತು. ಕೆಮ್ಮುವವಳು ಬೇಡವೆಂದು ಬಿಡಿಸಿದರು. ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಉಳಿದದ್ದು ಒಲೆಯೊಂದೇ.

ಕೆಮ್ಮು ಒಲೆಯ ತನಕವೂ ಬೆನ್ನು ಹತ್ತಿತ್ತು. ಅದು ಬಂದಾಗ ಅಕ್ಕ ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದಳು, ನಮಗೆ ಕೇಳದಿರಲೆಂದು. ಎಂಥ ಹುಚ್ಚು! ಬಡಿತ ಜೋರಾದರೆ ಕೆಮ್ಮು ಬಂತೆಂದೇ ನಮಗೆ ಗೊತ್ತಾಗುತ್ತಿತ್ತು. "ಕ್ಷಯ ಇರಬೇಕು" ಎಂದು ಒಬ್ಬ ಪಿಸುಗುಟ್ಟಿದ. ಮರುದಿನದಿಂದ ಇಬ್ಬರು ಬರಲಿಲ್ಲ.

ಅಕ್ಕ ಆಸ್ಪತ್ರೆಗೆ ಹೋಗಿ ಎದೆಯ ಫೋಟೋ ತೆಗೆಸಿ ಡಾಕ್ಟರ ಚೀಟಿ ತಂದಳು. ಊಟದ ಹೊತ್ತಿಗೆ ಎಲ್ಲರೆದುರು ನನ್ನ ಕೈಗಿಟ್ಟಳು.

"ತಮ್ಮಾ, ನೀ ಕಲಿತಾಂವ. ಎಲ್ಲಾರಿಗೂ ಕೇಳೂವಂಗ ಓದು. ನೀವೂ ಬಿಟ್ರ ಈ ಹುಡುಗ್ಯಾರ ಬಾಯಿಗೆ ಏನ ಹಾಕ್ಲಿ?"

ಕ್ಷಯವಿಲ್ಲ, ಧೂಳಿನಿಂದ ಬಂದ ಕೆಮ್ಮು, ಅಂಟುವಂಥದ್ದಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಎರಡು ಸಲ ಹೇಳಿದೆ. ಅಕ್ಕನ ಮುಖ ಅರಳಿತು. ಅಂದು ನನಗೊಂದು ರೊಟ್ಟಿ ಹೆಚ್ಚಿಗೆ ಹಾಕಿದಳು, ತಿಂದೆ.

ರೂಮಿಗೆ ಬಂದ ಮೇಲೆ ಯೋಚನೆ ಶುರುವಾಯಿತು. ಡಾಕ್ಟರೂ ಮನುಷ್ಯನೇ ತಾನೇ... ಊರಿನಲ್ಲಿ ನನ್ನ ಚಿಕ್ಕಪ್ಪ ಇಂಥದೇ ಕೆಮ್ಮಿನಲ್ಲಿ ಹೋಗಿದ್ದ. ಮರುದಿನ ಊಟಕ್ಕೆ ಹೋಗುವಾಗ, ಅಮ್ಮ ಹೆಸರು ಕೊರೆಸಿ ಕೊಟ್ಟಿದ್ದ ಈ ಲೋಟವನ್ನು ಜೊತೆಗೆ ಒಯ್ದೆ.

ಅಕ್ಕ ನೋಡಿದಳು. ತಂಬಿಗೆ ಲೋಟಕ್ಕೆ ತಾಗದ ಹಾಗೆ ಎತ್ತರದಿಂದ ನೀರು ಸುರಿದಳು. ಉಳಿದವರೂ ನೋಡಿದರು. ಚೀಟಿ ಓದಿದವನೇ ಲೋಟ ತಂದ ಮೇಲೆ ಇನ್ನು ಯಾರು ನಂಬಿಯಾರು? ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಕೊನೆಗೆ ನಾನೂ ಮಾಟುಂಗದಲ್ಲಿ ರೂಮು ಸಿಕ್ಕಿತೆಂದು ಹೇಳಿ ಹೊರಟೆ. "ಆರಾಮ ಇರು ತಮ್ಮಾ" ಅಂದಳು...

ಕೆಲವು ತಿಂಗಳ ಮೇಲೆ ಆ ಕಡೆ ಹೋದಾಗ ಖೋಲಿಯಲ್ಲಿ ಬೇರೆಯವರಿದ್ದರು. ಮಕ್ಕಳನ್ನು ಕಟ್ಟಿಕೊಂಡು ಅಕ್ಕ ಎಲ್ಲಿಗೆ ಹೋದಳೋ, ಯಾರಿಗೂ ಗೊತ್ತಿರಲಿಲ್ಲ. ನಾನು ಹೆಚ್ಚು ಹುಡುಕಲೂ ಇಲ್ಲ.

"ಇರಲಿ" ಅಂದೆ ಸೊಸೆಗೆ. ಅವಳು ಲೋಟ ಬೆಳಗಿ, ನೀರು ತುಂಬಿ ತಂದುಕೊಟ್ಟಳು. ಈಗ ನನಗೂ ಕೆಮ್ಮಿದೆ, ವಯಸ್ಸಿನದು. ಎರಡು ಗುಟುಕು ಕುಡಿದು ಕೆಳಗಿಟ್ಟೆ. ಆಟದ ನಡುವೆ ಓಡಿಬಂದ ಮೊಮ್ಮಗಳು ಅದೇ ಲೋಟವನ್ನೆತ್ತಿ ಉಳಿದ ನೀರನ್ನು ಗಟಗಟ ಕುಡಿದು ಓಡಿಹೋದಳು.

ಅಕ್ಕನ ಖೋಲಿಯಲ್ಲಿ ಕೂತು, ಅವಳ ಲೋಟದಲ್ಲೇ ನೀರು ಕುಡಿದಿದ್ದರೆ ಸಾಕಿತ್ತು.