ನಾನು ಹತ್ತಿಸಿದ ಟ್ರಾಮು

ಮಕ್ಕಳ ಮುಂದೆ ಬಡಾಯಿ ಕೊಚ್ಚದ ತಂದೆ ಯಾರಾದರೂ ಇದ್ದರೆ ಅವರನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ. ನನ್ನ ಬಡಾಯಿಯ ಸರಕು ಮುಂಬಯಿಯ ಟ್ರಾಮು. ಹರೆಯದಲ್ಲಿ ನಾಲ್ಕು ದಿನ ಆ ಊರಿಗೆ ಹೋಗಿ ಬಂದಿದ್ದೆ. ನವಲಗುಂದದ ಸಾಲಿ ಮಾಸ್ತರನಿಗೆ ಜನ್ಮವಿಡೀ ಮಾತಾಡಲು ಅಷ್ಟು ಸಾಕು. ಬೀದಿಯ ನಡುವೆ ಹಳಿ, ಹಳಿಯ ಮೇಲೆ ಗಾಡಿ, ಇಳಿಯಬೇಕೆನಿಸಿದಲ್ಲಿ ತಲೆಯ ಮೇಲಿನ ಹಗ್ಗ ಜಗ್ಗಿದರೆ ಗಂಟೆ ಬಾರಿಸಿ ನಿಂತುಬಿಡುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ವರ್ಣಿಸುತ್ತಿದ್ದೆ.

ಕೇಳಿ ಕೇಳಿ ಆರು ವರ್ಷದ ಮಗಳು ಗಂಗಾ, “ನಮಗೂ ಟ್ರಾಮ್ ಹತ್ತಸು” ಎಂದು ಹಟ ಹಿಡಿದಳು. ಅಷ್ಟರಲ್ಲಿ ಮುಂಬಯಿಯಲ್ಲೇ ಟ್ರಾಮು ನಿಂತು ವರ್ಷಗಳಾಗಿದ್ದವು. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಎಲ್ಲ ಬಲ್ಲವನೆಂದು ನಂಬಿದ್ದವಳು ಊರಿಗೆಲ್ಲ ಅವಳೊಬ್ಬಳೇ. ಆ ಪದವಿ ಬಿಡಲು ಮನಸ್ಸಾಗಲಿಲ್ಲ.

ನವಲಗುಂದಕ್ಕೆ ರೈಲಿಲ್ಲ, ಮಕ್ಕಳು ಅದನ್ನು ಕಂಡಿರಲಿಲ್ಲ. ಹಳಿಯ ಮೇಲೆ ಓಡುವುದೆಲ್ಲ ಒಂದೇ ಕುಲವೆಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡೆ. ಒಂದು ರವಿವಾರ ಎಲ್ಲರನ್ನೂ ಬಸ್ಸಿನಲ್ಲಿ ಅಣ್ಣಿಗೇರಿಗೆ ಕರೆದುಕೊಂಡು ಹೋಗಿ, ಗದಗಿಗೆ ಹೋಗುವ ಹಳೆಯ ಉಗಿಬಂಡಿ ತೋರಿಸಿ, “ಇದಽ ನೋಡ್ರಿ ಟ್ರಾಮ್” ಎಂದುಬಿಟ್ಟೆ. ರೊಟ್ಟಿಬುತ್ತಿ ಹಿಡಿದಿದ್ದ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಕ್ಕಳು ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಡಬ್ಬಿಯಲ್ಲಿ ಯಾರಾದರೂ ‘ರೈಲು’ ಎಂದರೆ ನಾನು ಜೋರಾಗಿ ಕೆಮ್ಮುತ್ತಿದ್ದೆ.

ಸ್ವಲ್ಪ ದೂರ ಎಲ್ಲ ಚೆನ್ನಾಗಿಯೇ ನಡೆಯಿತು. ಎರಡೂ ಬದಿ ಎರೆಹೊಲ, ಹಸಿ ಕಡಲೆಯ ಕಾಲ. ಕಿಟಕಿಯಲ್ಲಿದ್ದ ಸಣ್ಣವ ಬಸು, ಕಡಲೆ ಗಿಡ ಕಂಡು ಬೇಕೆಂದು ಅಳತೊಡಗಿದ. ಗಂಗಾ ಮೇಲಿನ ಹಲಗೆಯಲ್ಲಿ ಕೂತಿದ್ದಳು. ನಾನು ನೋಡುವುದರೊಳಗೆ ತಲೆಯ ಮೇಲಿದ್ದ ಅಪಾಯದ ಸರಪಳಿಗೆ ಎರಡೂ ಕೈಯಿಂದ ಜೋತುಬಿದ್ದಳು. ಬಂಡಿ ಕಿರುಚಿ, ಹೊಲದ ನಡುವೆ ನಿಂತಿತು.

ಗಾರ್ಡು ಏದುಸಿರು ಬಿಡುತ್ತ ಬಂದರು. “ಯಾರ್ರಿ ಜಗ್ಗಿದವ್ರು?”

“ನಾನರಿ,” ಎಂದಳು ಗಂಗಾ, ಬಹುಮಾನ ಇಸಿದುಕೊಳ್ಳುವವಳ ಹಾಗೆ. “ತಮ್ಮಗ ಕಡ್ಲಿ ಬೇಕಾಗಿತ್ತು. ಟ್ರಾಮಿನ್ಯಾಗ ಇಳೀಬೇಕಾದ್ರ ಜಗ್ಗಬೇಕಂತ ನಮ್ಮಪ್ಪ ಹೇಳ್ಯಾನ್ರಿ.”

“ಟ್ರಾಮ?” ಗಾರ್ಡು ಅವಳ ಮೇಲೆ ಕಣ್ಣು ಕೆಂಪಗೆ ಮಾಡಿದರು. ಅವಳು ನನ್ನ ಕಡೆ ನೋಡಿದಳು. ಪದವಿಯೋ ಮಗಳೋ ಎಂದು ಯೋಚಿಸಲು ವೇಳೆ ಇರಲಿಲ್ಲ.

“ಹುಡುಗಿದು ತಪ್ಪಿಲ್ರಿ ಸಾಹೇಬ್ರ. ಇದು ರೈಲು. ಟ್ರಾಮ್ ಅಂತ ಸುಳ್ಳ ಹೇಳಿದಾಂವ ನಾನು.”

“ಏನ್ ಉದ್ಯೋಗ ಮಾಡ್ತೀರಿ?”

“ಸಾಲಿ ಮಾಸ್ತರ್ರಿ.”

ಡಬ್ಬಿಗೆ ಡಬ್ಬಿಯೇ ನಕ್ಕಿತು. ಗಾರ್ಡಿಗೂ ನಗು ತಡೆಯಲಾಗಲಿಲ್ಲ. “ಮೊದಲ ಮಾಸ್ತರಗ ಸಾಲಿ ಕಲಸ್ರಿ,” ಎಂದು ನನ್ನ ಹೆಂಡತಿಗೆ ಹೇಳಿ, ಹಸಿರು ಬಾವುಟ ಬಿಚ್ಚುತ್ತ ಇಳಿದು ಹೋದರು. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಬಂಡಿ ಹೊರಟಿತು. ಗಂಗಾ ಆಮೇಲೆ ಹಲಗೆಯಿಂದ ಇಳಿದು ಬಂದು ನನ್ನ ತೊಡೆಯ ಮೇಲೆ ಕೂತಳು.

“ಅಪ್ಪಾ, ನೀ ಖರೇನ ಟ್ರಾಮ್ ಹತ್ತಿದ್ದೀಯೇನು?”

ಒಂದು ಸುಳ್ಳು ಬಿಚ್ಚಿಯಾಗಿತ್ತು. ಅದರ ಬುಡದಲ್ಲಿದ್ದ ಹಳೆಯದನ್ನು ಇಟ್ಟುಕೊಂಡು ಏನು ಮಾಡಲಿ? ನಾಲ್ಕೂ ದಿನ ರಸ್ತೆಯ ಬದಿಗೆ ನಿಂತು ನೋಡಿದ್ದೆ, ಅಷ್ಟೇ.

“ಇಲ್ಲವ್ವಾ. ಅಂಜಿಕಿ ಬಂತು. ಹತ್ತಿದ ಮ್ಯಾಲೆ ನಿಲ್ಲಸೂದು ಹ್ಯಾಂಗ ಅಂತ ತಿಳೀಲಿಲ್ಲ.”

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನನ್ನ ಕೈ ಎಳೆದು ತನ್ನ ಹೊಟ್ಟೆಯ ಸುತ್ತ ಹಾಕಿಕೊಂಡು ಹೇಳಿದಳು:

“ನಾ ಇರಬೇಕಾಗಿತ್ತು. ನಿಲ್ಲಸ್ತಿದ್ದೆ.”